ಹೆಸರಿಲ್ಲದೆ ಕೊಟ್ಟ ನಿದ್ದೆ

ನಮ್ಮೂರಿನಲ್ಲಿ ನಿದ್ದೆಯನ್ನು ಎರವಲು ಕೊಡುವುದುಂಟು. ಹೆಪ್ಪಿಗೆ ಒಂದಿಷ್ಟು ಮೊಸರು ಕೇಳಿದ ಹಾಗೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಇವತ್ತೊಂದು ರಾತ್ರಿ ನಿನ್ನ ನಿದ್ದೆ ಕೊಡ್ತೀಯೇನಮ್ಮ, ನಮ್ಮ ಬಾಣಂತಿ ಮಗು ಜೊತೆ ಎದ್ದೂ ಎದ್ದೂ ಸೋತುಹೋಗಿದಾಳೆ" ಎಂದು ಕೇಳುತ್ತಾರೆ. ಕೊಡುವ ಮನಸ್ಸಿದ್ದವರು ದೀಪ ಹಚ್ಚುವ ಹೊತ್ತಿಗೆ ಅಂಗೈಯಗಲದ ದಿಂಬಿಗೆ ಕೆನ್ನೆಯಿಟ್ಟು, ನಿಧಾನವಾಗಿ ಅದರೊಳಕ್ಕೆ ಉಸಿರು ಬಿಟ್ಟು, ಪಡೆಯುವವರ ಹೆಸರು ಹೇಳಿ ಕೊಟ್ಟುಬಿಡುತ್ತಾರೆ. ಆ ರಾತ್ರಿ ಕೊಟ್ಟವರಿಗೆ ಎಚ್ಚರ, ಪಡೆದವರಿಗೆ ನಿದ್ದೆ. ಬೆಳಿಗ್ಗೆ ದಿಂಬು ವಾಪಸು ಬರುತ್ತದೆ. ಬರಿದಾಗಿ ಬರಕೂಡದು, ಅದರ ಮೇಲೆ ಒಂದು ಚೂರು ಬೆಲ್ಲವೋ ಒಂದು ಹೂವೋ ಇರಬೇಕು. ಹೋಗುವುದು ನಿದ್ದೆ ಮಾತ್ರ. ಕನಸು ಕೊಟ್ಟವರ ಮನೆಯಲ್ಲೇ ಉಳಿದು, ಮಾರನೆಯ ರಾತ್ರಿ ಎಂದಿನಂತೆ ತನ್ನವರ ಹತ್ತಿರ ಬರುತ್ತದೆ.

ಈ ದಿಂಬುಗಳಿಗೆ ಬೂರುಗದ ಹತ್ತಿ ಹಿಂಜಿ ತುಂಬುವವರು ಪಿಂಜಾರ ಇಮಾಮಣ್ಣ. ಗವಸು ಹೊಲಿಯುವವಳು ನಾನು. ಹಗಲೆಲ್ಲ ನನ್ನ ಕೈಯಲ್ಲಿ ಸೂಜಿ, ಕಿವಿಯಲ್ಲಿ ಅಪ್ಪನ ಸ್ವರ.

ನಮ್ಮಪ್ಪ ತಿರುಮಲಯ್ಯ ಹೊಳೆಯಮ್ಮನ ಮಂಟಪದಲ್ಲಿ ಕಥೆ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದು ಮಾತಿಗೆ. ಎದುರಿಗೆ ಪುಸ್ತಕ ಇರುತ್ತಿರಲಿಲ್ಲ. ಹೆಗಲ ಮೇಲೆ ಹಸಿರಂಚಿನ ಶಲ್ಯ, ಒಂದು ಕೈ ಕಿವಿಯ ಮೇಲೆ, ಕಣ್ಣು ಅರೆಮುಚ್ಚಿ ಸಂಜೆಗೊಂದು ಪದ. ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಮಾತು ಕಲಿಯುವ ಮೊದಲೇ ನಾನು ಆ ಪದಗಳ ಏರಿಳಿತ ಕಲಿತಿದ್ದೆನೆಂದು ಅಮ್ಮ ಹೇಳುತ್ತಿದ್ದಳು. ಕಥೆ ಹೊಳೆಯಮ್ಮ ದೇವಿಯಾಗುವ ಮೊದಲು ನಮ್ಮ ಹಾಗೆ ಹೆಂಗಸಾಗಿದ್ದ ಕಾಲದ್ದು. ಹೊಳೆ ಉಕ್ಕಿ ಬಂದು ಅವಳ ಮಕ್ಕಳನ್ನು ಒಯ್ಯುತ್ತದೆ. ಅವಳು ದಡ ಹಿಡಿದು ನಡೆಯುತ್ತಾಳೆ. ಸುಳಿಯನ್ನು ಕೇಳುತ್ತಾಳೆ, ಮೀನನ್ನು ಕೇಳುತ್ತಾಳೆ, ಬಟ್ಟೆ ಒಗೆಯುವ ಕಲ್ಲನ್ನು ಕೇಳುತ್ತಾಳೆ. ಯಾರೂ ಕಂಡಿಲ್ಲ. ಕಡೆಗೆ ಕಡಲಿಗೇ ಹೋಗಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾಳೆ. ಕಡಲು ಏನು ಹೇಳುತ್ತದೆ ಎಂಬುದು ಕೊನೆಯ ಸಂಧಿ.

ಆ ಕೊನೆಯ ಸಂಧಿ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ದಿನಕ್ಕೊಂದು ಪದದಂತೆ ಆ ಕಥೆ ಮುಗಿಯಲು ಒಬ್ಬ ಓದುಗನ ಆಯುಸ್ಸೇ ಬೇಕು, ಮತ್ತು ಮಂಟಪದಲ್ಲಿ ಓದುವ ಮೊದಲು ಕೊನೆಯ ಸಂಧಿಯನ್ನು ಯಾರಿಗೂ ಹೇಳಿಕೊಡಬಾರದೆಂಬುದು ನೇಮ. ಅಪ್ಪ ಚಿಕ್ಕಂದಿನಲ್ಲಿ ಅದನ್ನು ಮಂಟಪದಲ್ಲಿ ತಾತನ ಬಾಯಲ್ಲಿ ಕೇಳಿ ಎದೆಯಲ್ಲಿಟ್ಟುಕೊಂಡಿದ್ದರು. ಜೊತೆಗೆ ಕೇಳಿದವರೆಲ್ಲ ಹೋಗಿಬಿಟ್ಟಿದ್ದರು. ಅಪ್ಪನೂ ಆ ಸಂಧಿಯ ಹೊಸಿಲಿನಲ್ಲೇ ಹೋದರು.

ಹೋದ ಮೇಲೆ ನನ್ನ ನಿದ್ದೆಯಲ್ಲಿ ಬರತೊಡಗಿದರು. ಹಾಸಿಗೆಯ ಕಾಲ ಬಳಿ ಕುಳಿತು, ಕಿವಿಯ ಮೇಲೆ ಕೈಯಿಟ್ಟು, ನಿಲ್ಲಿಸಿದಲ್ಲಿಂದಲೇ ಮುಂದಿನ ಪದ. ನನ್ನ ಕಡೆ ನೋಡುವುದಿಲ್ಲ, ಊಟವಾಯಿತೇ ಎಂದು ಕೇಳುವುದಿಲ್ಲ. ಪದ ಮುಗಿದರೆ ಎದ್ದು ಹೋಗುವರು. ಅದರಲ್ಲೇ ನನಗೆ ಎಲ್ಲ ಇತ್ತು. ಸಂಜೆ ಮಂಟಪಕ್ಕೆ ಹೋಗಿ ನನ್ನ ಸಣ್ಣ ಸ್ವರದಲ್ಲಿ ಆ ಪದವನ್ನು ಅಮ್ಮನವರಿಗೆ ಒಪ್ಪಿಸುತ್ತಿದ್ದೆ. ನಾನು ಕೇಳುವವಳು, ಓದುವವಳಲ್ಲ. ಆದರೂ ನಾಲ್ಕು ಜನ ಬಂದು ಕೂರುತ್ತಿದ್ದರು. ಹೀಗೆ ಹೊಳೆಯಮ್ಮ ಕಡಲು ಮುಟ್ಟಿದಳು. ಸೊಂಟದ ಮಟ ಉಪ್ಪು ನೀರಿಗಿಳಿದಳು. ಕರೆಯಲೆಂದು ಬಾಯಿ ತೆರೆದಳು. ಅಪ್ಪ ಅಲ್ಲಿಗೆ ನಿಲ್ಲಿಸಿ ಎದ್ದುಹೋದರು. ಬೆಳಗಾದದ್ದೇ ನಾನು ರಾತ್ರಿಗೆ ಕಾಯತೊಡಗಿದೆ.

ಅದಕ್ಕೆ ಐದಾರು ದಿನ ಮೊದಲು ಟೀವಿಯಲ್ಲಿ ಒಂದು ಸುದ್ದಿ ಬಂದಿತ್ತು. ದೂರದ ಒಂದು ಬೆಟ್ಟದ ದೇಶದಲ್ಲಿ ನೆಲ ನಡುಗಿ ಊರಿಗೆ ಊರೇ ಮಲಗಿತ್ತು. ಮಹಡಿಗಳು ಮಡಿಚಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು ಕುಳಿತಿದ್ದವು. ಮನೆಯೊಂದರ ಅರ್ಧಗೋಡೆಯಲ್ಲಿ ಕನ್ನಡಿ ನೇತಾಡುತ್ತಿತ್ತು, ಅದರಲ್ಲಿ ಆಕಾಶ ಕಾಣುತ್ತಿತ್ತು. ನಮ್ಮ ಬೀದಿಯಲ್ಲಿ ಅಂದು ಒಗ್ಗರಣೆಯ ಸದ್ದೇ ಕೇಳಲಿಲ್ಲ.

ಅಪ್ಪ ಕಥೆ ನಿಲ್ಲಿಸಿ ಎದ್ದುಹೋದ ಆ ಬೆಳಿಗ್ಗೆಯೇ ಎಲ್ಲರೂ ಮಂಟಪದಲ್ಲಿ ಸೇರಿದರು. ಕಂಬಳಿ ಬಂತು, ಟವೆಲು ಬಂತು, ಯಾರೋ ಉಪ್ಪಿನಕಾಯಿಯ ಜಾಡಿಯನ್ನೇ ಹೊತ್ತು ತಂದರು. ಬಳೆ ಅಂಗಡಿಯ ಪುಟ್ಟತಾಯಮ್ಮ ಸೆರಗು ಬಿಗಿದು ಗಂಟು ಕಟ್ಟಿಸುತ್ತಿದ್ದವಳು ಜಾಡಿ ನೋಡಿ, "ಇದನ್ನ ಯಾವ ಅನ್ನಕ್ಕೆ ಕಲಿಸ್ಕೋತಾರೋ ಅವ್ರು? ಪಾಪ, ಇರೋ ಸಂಕಟ ಸಾಲ್ದು ಅಂತ ನಿನ್ನ ಖಾರ ಬೇರೆ" ಎಂದಳು.

ನಮ್ಮೂರ ಹುಡುಗಿ ಫಿಲೋಮಿನಾ ನರ್ಸು. ಪರಿಹಾರದ ತಂಡದ ಜೊತೆ ಆ ದೇಶಕ್ಕೇ ಹೋಗಿದ್ದಳು. ಅವಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ದೇಶ ದೂರವಾದ್ದರಿಂದ ಕೂಗಲೇಬೇಕೆಂಬುದು ಇಮಾಮಣ್ಣನವರ ನಂಬಿಕೆ.

"ಅಲ್ಲಿಗೆ ಏನು ಬೇಕಮ್ಮಾ? ಏನು ಕಳಿಸೋಣ?" ಎಂದು ಕೂಗಿದರು.

"ಕಂಬಳಿ ಬಂದಿದೆ ಇಮಾಮಣ್ಣ, ರೊಟ್ಟಿ ಬಂದಿದೆ, ಎಲ್ಲಾ ದೇಶದೋರೂ ಕಳಿಸ್ತಿದಾರೆ. ಆದ್ರೆ ಯಾರೂ ಮಲಗ್ತಾನೇ ಇಲ್ಲ. ಕಣ್ಣು ಮುಚ್ಚಿದ್ರೆ ನೆಲ ಅಲ್ಲಾಡುತ್ತಂತೆ. ಟೆಂಟಿನ ಬಟ್ಟೆ ಗಾಳಿಗೆ ಪಟಪಟ ಅಂದ್ರೂ ಎದ್ದು ಓಡ್ತಾರೆ. ಇಲ್ಲೊಬ್ಬಾಕೆ ಬಾಗಿಲ ಚಿಲಕ ಕೈಲಿ ಹಿಡ್ಕೊಂಡು ಕೂತಿದಾಳೆ. ಬಾಗಿಲಿಲ್ಲ, ಮನೆಯಿಲ್ಲ, ಚಿಲಕ ಒಂದಿದೆ. ಬಂದಾಗಿನಿಂದ ರೆಪ್ಪೆ ಮುಚ್ಚಿದ್ದು ನಾನು ನೋಡಿಲ್ಲ."

 ಕಟ್ಟುತ್ತಿದ್ದ ಗಂಟನ್ನು ಬಿಟ್ಟು ಪುಟ್ಟತಾಯಮ್ಮನೇ, "ಮತ್ತಿನ್ನೇನ್ರಪ್ಪ ಯೋಚ್ನೆ? ನಮ್ಮ ಹತ್ರ ಇರೋದೇ ಅದಲ್ವಾ" ಎಂದಳು.

ಊರಿಗೆ ಊರೇ ಕೆಲಸಕ್ಕೆ ಕೂತಿತು. ಇಮಾಮಣ್ಣನವರ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು ನಿಲ್ಲಲೇ ಇಲ್ಲ. ಬೀದಿಯ ಮೇಲೆಲ್ಲ ಹತ್ತಿಯ ಎಳೆ ಹಾರಾಡಿ, ಎಮ್ಮೆಗಳ ಕೊಂಬಿಗೆ, ದೇವಿಯ ಮೂಗುತಿಗೆ ಕೂಡ ಅಂಟಿಕೊಂಡಿತು. ನಾನು ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಗವಸು ಮಾಡಿದೆ. ಹಳೆಯ ಸೀರೆ, ಲಂಗ, ಅಂಗಡಿಯ ಪರದೆ. ಬಟ್ಟೆ ಸಾಲದೆ ಬಂದಾಗ ಅಪ್ಪನ ಶಲ್ಯವನ್ನು ತೆಗೆದೆ. ಅದರ ಹಸಿರಂಚು ಒಂದೇ ಒಂದು ದಿಂಬಿಗೆ ಆಯಿತು. ಆ ದಿಂಬನ್ನು ನನ್ನ ನಿದ್ದೆಗೇ ಇಟ್ಟುಕೊಂಡೆ.

ಅಂದೇ ಸಂಜೆ ಮಂಟಪದ ತುಂಬ ಜನ. ಒಬ್ಬೊಬ್ಬರ ನಿದ್ದೆಯೂ ಊರಿಗೆಲ್ಲ ಗೊತ್ತಿದ್ದದ್ದೇ. "ಶೆಟ್ಟರದ್ದು ಕಳಿಸಬೇಡ್ರೋ, ಗೊರಕೆ ಸಮೇತ ಹೋದ್ರೆ ಮತ್ತೆ ನೆಲ ನಡುಗಿತು ಅಂತ ಓಡಿಹೋದಾರು" ಎಂದು ಯಾರೋ ಅಂದರು. ನಕ್ಕವರು ಕೂಡಲೇ ಬಾಯಿ ಮುಚ್ಚಿಕೊಂಡರು. ಅಂಗಡಿಯ ಶೆಟ್ಟರು, "ಗೊರಕೆ ಗಂಟಲಲ್ಲಿರುತ್ತಯ್ಯ, ನಿದ್ದೇಲಿ ಅಲ್ಲ" ಎಂದು ತಮ್ಮ ದಿಂಬನ್ನು ಇನ್ನೂ ಗಟ್ಟಿಯಾಗಿ ಕೆನ್ನೆಗೆ ಒತ್ತಿಕೊಂಡರು.

ದೀಪ ಹಚ್ಚಿದರು. ಎಲ್ಲರೂ ಕೆನ್ನೆಯಿಟ್ಟು ಉಸಿರು ಬಿಟ್ಟೆವು. ಆಮೇಲೆ ಹೆಸರು ಹೇಳಬೇಕಾದ ಜಾಗದಲ್ಲಿ ಮಂಟಪವೇ ತಡವರಿಸಿತು.

"ಯಾರ ಹೆಸರು ಹೇಳೋದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಮಗೇನು ಗೊತ್ತು ಅವ್ರ ಹೆಸರು? ಯಾರಿಗೆ ಸೇರಬೇಕೋ ಅಮ್ಮನೋರಿಗೆ ಗೊತ್ತಿರುತ್ತೆ, ಕೊಡ್ರಿ" ಎಂದಳು ಪುಟ್ಟತಾಯಮ್ಮ.

ಅದು ಸರಿಯೆಂದೇ ಎಲ್ಲರಿಗೂ ತೋರಿತು. ನಾನು ಕೂಡ ದಿಂಬನ್ನು ಸುಮ್ಮನೆ ಗೋಣಿಗೆ ಹಾಕಿದೆ. ಒಂದು ರಾತ್ರಿ ತಡವಾದರೆ ಅಪ್ಪ ಬೇಸರಿಸುವುದಿಲ್ಲ, ಹೊಳೆಯಮ್ಮ ಇನ್ನೊಂದು ರಾತ್ರಿ ಬಾಯಿ ತೆರೆದೇ ನಿಂತಿರಲಿ ಎಂದುಕೊಂಡೆ. ಲಾರಿ ಹೊರಟಾಗ ಹಿಂದಿನಿಂದ ಹತ್ತಿಯ ಎಳೆಗಳು ಸ್ವಲ್ಪ ದೂರ ಹಾರಿಕೊಂಡು ಹೋದವು.

ಮಾರನೆಯ ರಾತ್ರಿ ನನಗೆ ನಿದ್ದೆ ಬಂತು, ಅಪ್ಪ ಬರಲಿಲ್ಲ. ಅದರ ಮಾರನೆಯ ರಾತ್ರಿಯೂ ಇಲ್ಲ. ಒರೆಸಿಟ್ಟ ನೆಲದಂಥ ನಿದ್ದೆ. ಸಂಜೆ ಮಂಟಪದಲ್ಲಿ ಒಪ್ಪಿಸಲು ಪದವಿಲ್ಲದೆ ಹಳೆಯದನ್ನೇ ಹೇಳಿ ಬಂದೆ. ಏನು ತಪ್ಪಾಯಿತೆಂದು ಹೊಳೆಯದೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಚಾಪೆ ಹಾಸಿ ನೋಡಿದೆ. ಹಾಸಿಗೆ ತಿರುಗಿಸಿ ಹಾಕಿ ನೋಡಿದೆ. ಕಡೆಗೆ ತಡೆಯಲಾರದೆ ಪುಟ್ಟತಾಯಮ್ಮನ ಅಂಗಡಿಗೆ ಹೋದೆ. ಅವಳಿಗೆ ಗೌರಿ ಎಂಬ ಸತ್ತುಹೋದ ಎಮ್ಮೆಯ ಕನಸು ತಪ್ಪದೆ ಬೀಳುವುದು ಊರಿಗೆಲ್ಲ ಗೊತ್ತು.

"ಪುಟ್ಟತಾಯಮ್ಮ, ಗೌರಿ ಬಂದಿದ್ಲಾ?"

ಅವಳು ಬಳೆ ಜೋಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಇಲ್ಲ ಕಣೇ ಅಲಮೇಲು. ಯಾರಿಗೂ ಹೇಳ್ಬೇಡ ಅಂತಿದ್ದೆ. ಹಗ್ಗ ಕಿತ್ಕೊಂಡು ಎಲ್ಲಿಗೋ ಹೋಗ್ಬಿಟ್ಟವ್ಳೆ."

ಗೌರಿ ಎಲ್ಲಿಗೆ ಹೋಗಿದ್ದಳೆಂದು ಫಿಲೋಮಿನಾಳ ಫೋನಿನಿಂದ ತಿಳಿಯಿತು. ದಿಂಬುಗಳು ತಲುಪಿದ್ದವು. ಜನ ಮಲಗಿದರು. ಟೆಂಟುಗಳಲ್ಲಿ ಮೊದಲ ಸಲ ಬರೀ ಉಸಿರಾಟದ ಸದ್ದು ಕೇಳಿಸಿತು ಎಂದಳು. "ಆದ್ರೆ ಏನೋ ವಿಚಿತ್ರ ಆಗ್ತಿದೆ ಇಮಾಮಣ್ಣ. ಒಬ್ಬ ತಾತ ಎದ್ದವನೇ ಎಮ್ಮೆ ಎಲ್ಲಿ ಎಮ್ಮೆ ಎಲ್ಲಿ ಅಂತ ಟೆಂಟು ಟೆಂಟು ಹುಡುಕ್ತಿದಾನೆ. ಅವನ ಊರಲ್ಲಿ ಎಮ್ಮೇನೇ ಇಲ್ವಂತೆ! ಒಂದು ಮಗು ಹೋಳಿಗೆ ತಿಂದೆ ಅನ್ನೋ ಹಾಗೆ ತುಟಿ ನೆಕ್ಕೊಂಡು ಎದ್ದಿದೆ. ಇನ್ನೊಬ್ಬ ಮಾತ್ರ ಬೆಂಕಿ ಬೆಂಕಿ ಅಂತ ಕಿರುಚಿಕೊಂಡು ಎದ್ದ. ದಿಂಬಿನದು ಒಂದೇ ರಾತ್ರಿ ನಿದ್ದೆ ಅಲ್ವಾ, ಅದು ಆಯ್ತು. ಈಗ ಅವರವರಿಗೇ ಕಣ್ಣು ಮುಚ್ತಿದೆ, ಆದ್ರೆ ಆ ಕನಸುಗಳು ದಿನಾ ಬರ್ತಿವೆ."

ಇಮಾಮಣ್ಣ ಫೋನನ್ನು ಕೆಳಗಿಟ್ಟರು. ಬೆಂಕಿಯ ಕನಸು ಅವರದ್ದು. ಒಮ್ಮೆ ಹತ್ತಿಯ ಮೂಟೆಗೆ ಕಿಡಿ ಬಿದ್ದದ್ದನ್ನು ಕಂಡಂದಿನಿಂದ ಅವರ ನಿದ್ದೆಯಲ್ಲಿ ಹತ್ತಿ ಉರಿಯುತ್ತಲೇ ಇತ್ತು.

"ಹೆಸರು ಹೇಳ್ಲಿಲ್ಲ ನಾವು," ಎಂದರು ಮೆಲ್ಲಗೆ. "ಹೆಸರು ಹೇಳಿದ್ರೆ ತಾನೆ ನಿದ್ದೆಗೆ ಹೋಗೋ ಮನೆ ಗೊತ್ತು, ಕನಸಿಗೆ ನಿಲ್ಲೋ ಮನೆ ಗೊತ್ತು. ಸುಮ್ನೆ ಕೊಟ್ಬಿಟ್ವಿ. ನಿದ್ದೆ ಕನಸು ಎರಡೂ ಕೈಕೈ ಹಿಡ್ಕೊಂಡು ಹೋಗಿವೆ."

ಅದಕ್ಕೆ ದಾರಿ ಇಲ್ಲದೆ ಇರಲಿಲ್ಲ. ನಮ್ಮೂರಿನಲ್ಲಿ ಯಾರಾದರೂ ಅವಸರದಲ್ಲಿ ಹೆಸರು ಮರೆತು ಕೊಟ್ಟರೆ, ಮಾರನೆಯ ಸಂಜೆ ದೀಪದ ಮುಂದೆ ಪಡೆದವರ ಹೆಸರು ಹೇಳುತ್ತಿದ್ದರು. ಕನಸು ತಿರುಗಿ ಬರುತ್ತಿತ್ತು. ಫಿಲೋಮಿನಾ ಟೆಂಟಿನಿಂದ ಟೆಂಟಿಗೆ ಹೋಗಿ, ಯಾರಿಗೆ ಯಾವ ಗವಸಿನ ದಿಂಬು, ಯಾರಿಗೆ ಎಂಥ ಕನಸು ಎಂದು ಕೇಳಿ, ಒಂದೊಂದೇ ಹೆಸರನ್ನು ಫೋನಿನಲ್ಲಿ ಹೇಳತೊಡಗಿದಳು.

ಆಗ ಊರು ಪಟ್ಟ ಪಾಡು ಹೇಳತೀರದು. ಆ ಹೆಸರುಗಳು ನಮ್ಮ ನಾಲಗೆಗೆ ಒಗ್ಗುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ, ನಲ್ಲಿಯ ಹತ್ತಿರ, ಎಲ್ಲೆಂದರಲ್ಲಿ ಜನ ಗಂಟಲಿನಿಂದ ಏನೇನೋ ಸದ್ದು ಹೊರಡಿಸುತ್ತ ನಿಂತಿರುತ್ತಿದ್ದರು. "ಬಾಯಲ್ಲಿ ಬಿಸಿ ಕಡುಬು ಇಟ್ಕೊಂಡ ಹಾಗೆ ಹೇಳ್ಬೇಕು ಕಣ್ರೀ" ಎಂದು ಶೆಟ್ಟರು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದರು. ಇಮಾಮಣ್ಣ ಮಾತ್ರ ಬಿಲ್ಲು ಕೆಳಗಿಟ್ಟು, ಊಟ ಬಿಟ್ಟು, ಜಪದ ಹಾಗೆ ಒಂದೇ ಹೆಸರನ್ನು ಹೇಳಿಕೊಳ್ಳುತ್ತಿದ್ದರು. "ಬಿಟ್ಬಿಡಿ ಇಮಾಮಣ್ಣ, ಹೋದ್ರೆ ಪೀಡೆ ಹೋಯ್ತು, ಯಾಕೆ ಕರೆಸ್ಕೋತೀರಿ?" ಎಂದು ಯಾರೋ ಅಂದದ್ದಕ್ಕೆ ಅವರು, "ಮನೆ ಕಳ್ಕೊಂಡಿರೋನಿಗೆ ನನ್ನ ಬೆಂಕಿ ಬೇರೆ ಕೊಡ್ಲಾ?" ಎಂದರು. ಆ ಸಂಜೆ ದೀಪದ ಮುಂದೆ ಅವರ ಬಾಯಿಂದ ಆ ಹೆಸರು ತಪ್ಪಿಲ್ಲದೆ ಹೊರಟಿತು. ಬೆಳಿಗ್ಗೆ ಕೆಂಪಗಿನ ಕಣ್ಣಿನಲ್ಲಿ ಬಂದು, "ಬಂತು" ಎಂದು ನಕ್ಕರು. ಪುಟ್ಟತಾಯಮ್ಮನ ಗೌರಿಯೂ ಬಂದಳು. "ಬಡವಾಗವ್ಳೆ ಕಣೇ, ಆ ತಾತಂಗೆ ಮೇವು ಹಾಕೋಕೆ ಬರಲ್ಲ" ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಆಮೇಲೆ ಹೋದ ಗೋಣಿಗಳಲ್ಲಿ ಹೆಸರು ಹೇಳದ ದಿಂಬು ಒಂದೂ ಇರಲಿಲ್ಲ.

ನನ್ನ ಸರದಿಗೆ ಕಾದೆ. ಹಸಿರಂಚಿನ ದಿಂಬೆಂದು ಹೇಳಿದ್ದೆ. ಕಾಯುವಾಗ ಅಂಗಳ ಗುಡಿಸಿದೆ, ಅಪ್ಪ ಕೂರುವ ಜಾಗವನ್ನು ಮತ್ತೆ ಮತ್ತೆ ಒರೆಸಿದೆ. ಮುಂದಿನ ಪದ ನನ್ನ ಕಿವಿಯ ಬಾಗಿಲಲ್ಲೇ ನಿಂತ ಹಾಗಿತ್ತು.

ಒಂದು ಮುಂಜಾನೆ ಫಿಲೋಮಿನಾಳ ಫೋನು ನನ್ನೊಬ್ಬಳಿಗೇ ಬಂತು.

"ಅಲಮೇಲಕ್ಕ, ಸಿಕ್ಕಿತು ನಿಮ್ಮ ದಿಂಬು. ಚಿಲಕ ಹಿಡ್ಕೊಂಡು ಕೂತಿದ್ಲಲ್ಲ, ಆಕೆ ಹತ್ರ ಇದೆ. ಅವಳ ಮಕ್ಕಳು ಮೂರೂ ಕುಸಿದ ಮನೆಯೊಳಗೇ ಹೋಗ್ಬಿಟ್ವು. ದಿಂಬು ಯಾರ ಕೈಗೂ ಕೊಡ್ತಿಲ್ಲ. ಬೆಳಿಗ್ಗೆ ಎದ್ದು ಏನೋ ಹಾಡ್ಕೋತಾಳೆ. ಅದು ನಮ್ಮ ಮಂಟಪದ ಹಾಡಿನ ಹಾಗಿದೆ ಅಕ್ಕ. ಇರಿ, ಈಗ್ಲೂ ಹಾಡ್ತಿದಾಳೆ, ಕೇಳಿಸ್ಕೊಳಿ."

ಮೊದಲು ಗಾಳಿ ಕೇಳಿಸಿತು. ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಒಂದು ಒಡಕು ಸ್ವರ. ಅಪ್ಪ ಪದದ ಕೊನೆಯಲ್ಲಿ ಸ್ವರವನ್ನು ಕೆಳಗಿಳಿಸುತ್ತಿರಲಿಲ್ಲ. ಬಾಗಿಲು ತೆರೆದಿಟ್ಟು ಎದ್ದುಹೋದ ಹಾಗೆ ಮೇಲೆಯೇ ಬಿಡುತ್ತಿದ್ದರು. ಆಕೆಯೂ ಹಾಗೇ ಬಿಟ್ಟಳು.  ಅರ್ಥ ಗೊತ್ತಿಲ್ಲದ ಬಾಯಿ ಕನ್ನಡದ ಅಕ್ಷರಗಳನ್ನು ಕತ್ತಲಲ್ಲಿ ಮೆಟ್ಟಿಲಿಳಿಯುವವರಂತೆ ತಡಕಿ ತಡಕಿ ಹಿಡಿಯುತ್ತಿತ್ತು: ಉಪ್ಪು ನೀರೇ ಕಿವಿಗೊಡು, ಕೂಗುವೆನು ಹೆಸರ.

ಅದು ನಾನು ಕೇಳದ ಪದ. ನನಗೆ ಬರಬೇಕಾಗಿದ್ದ ಪದ.

ಮುಂದೆ ಹೆಸರುಗಳು ಬಂದವು. ಅವು ಹೊಳೆಯಮ್ಮನ ಮಕ್ಕಳ ಹೆಸರುಗಳಲ್ಲ. ಪದದ ಅಳತೆಗೆ ಸರಿಯಾಗಿ ಕೂತಿದ್ದವು, ಆದರೆ ಆ ದೇಶದ ಹೆಸರುಗಳು.

"ಅವು ಅವಳ ಮಕ್ಕಳ ಹೆಸರು ಅಕ್ಕ," ಎಂದಳು ಫಿಲೋಮಿನಾ.

ಹೆಸರುಗಳು ಮುಗಿದ ಮೇಲೆ ಏನೂ ಕೇಳಿಸಲಿಲ್ಲ. ಫೋನು ಕಡಿದುಹೋಯಿತೆಂದುಕೊಂಡೆ.

"ಆಮೇಲೆ? ಆಮೇಲೆ ಏನು ಹಾಡ್ತಾಳೆ ಫಿಲೋಮಿನಾ?"

"ಆಮೇಲೆ ಹಾಡಲ್ಲ. ಏನೋ ಕೇಳಿಸ್ಕೊಳ್ಳೋ ಹಾಗೆ ಸುಮ್ನೆ ಕೂತಿರ್ತಾಳೆ. ಸ್ವಲ್ಪ ಹೊತ್ತಾದ್ಮೇಲೆ ಮುಖ ಒರೆಸ್ಕೊಂಡು ಎದ್ದು ರೊಟ್ಟಿ ಸಾಲಿಗೆ ಹೋಗ್ತಾಳೆ. ಮೊದಲು ಊಟಕ್ಕೂ ಏಳ್ತಿರ್ಲಿಲ್ಲ. ಚಿಲಕ ಈಗ ಕೈಲಿಲ್ಲ, ಟೆಂಟಿನ ಹಗ್ಗಕ್ಕೆ ಕಟ್ಟಿದಾಳೆ."

ಕಡಲು ಏನೋ ಹೇಳುತ್ತಿತ್ತು. ಅಪ್ಪ ಕೊನೆಯ ಸಂಧಿಯೊಳಗೆ ಹೋಗಿದ್ದರು. ಆಕೆ ಅದನ್ನು ಕೇಳುತ್ತಿದ್ದಳು.

"ಆ ಕನಸು ನಂದು ಅಂತ ಹೇಳಿದ್ಯಾ ಅವಳಿಗೆ?"

"ಹೇಳಿದೆ, ದುಭಾಷಿ ಕೈಲಿ ಹೇಳಿಸಿದೆ. ಶಾಲು ಹೊದ್ದ ಆ ಹಿರೀಕರು ನಿಮ್ಮ ತಂದೆ ಅಂದೆ.  ಅದಕ್ಕೆ ಅವಳು, ಅವರ ತಂದೆ, ಕರೆಸ್ಕೊಳ್ಳಲಿ, ನ್ಯಾಯ ಅದೇ ಅಂದ್ಲು. ಹಾಗಂದು ದಿಂಬನ್ನ ಇನ್ನೂ ಒತ್ತಿ ಹಿಡ್ಕೊಂಡ್ಲು." ಫಿಲೋಮಿನಾ ಕೇಳಿದಳು, "ಹೆಸರು ಹೇಳ್ಲಾ ಅಕ್ಕ?"

"ಹೇಳು."

ಹೇಳಿದಳು. ನಾನು ಹೆದರಿದ್ದಷ್ಟು ಕಷ್ಟದ ಹೆಸರಲ್ಲ. ಪುಟ್ಟದು, ಕೊನೆಯಲ್ಲಿ ಬರೀ ಉಸಿರು. ಒಂದೇ ಸಲಕ್ಕೆ ನನ್ನ ನಾಲಗೆಯ ಮೇಲೆ ಬಂದು ಕೂತಿತು.

ದಿನವಿಡೀ ಬಾಯಲ್ಲಿ ನೀರು ತುಂಬಿಕೊಂಡವಳ ಹಾಗೆ ತಿರುಗಿದೆ.  ಅಪ್ಪ ಕಡೆಯ ಪದ ಹೇಳಿ ಎದ್ದುಹೋಗುವುದು, ಅದನ್ನು ನಾನು ಮಂಟಪದಲ್ಲಿ ಒಪ್ಪಿಸುವುದು, ಊರು ಕಿವಿಯಾಗಿ ಕೂರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಇನ್ನು ಕೆಲವೇ ಪದಗಳಿರಬಹುದು. ಆಕೆ ಪೂರ್ತಿ ಕೇಳಿಬಿಟ್ಟರೆ ಅಪ್ಪ ಮತ್ತೆ ಯಾರಿಗೂ ಹೇಳಲಿಕ್ಕಿಲ್ಲ. ಆಕೆಗೋ ನಮ್ಮ ಮಾತು ಬಾರದು, ಹೆಸರುಗಳಾಚೆಗೆ ಆಕೆ ಹಾಡುವುದೂ ಇಲ್ಲ. ಅಲ್ಲಿಂದ ಇಲ್ಲಿಗೆ ಅದು ಮರಳುವ ದಾರಿಯಿಲ್ಲ. ಇನ್ನೊಂದು ಕಡೆ, ಹಗ್ಗಕ್ಕೆ ಕಟ್ಟಿದ ಆ ಚಿಲಕ ಗಾಳಿಗೆ ಅಲ್ಲಾಡುವುದೂ ಕಾಣುತ್ತಿತ್ತು.

ಸಂಜೆ ಮಂಟಪಕ್ಕೆ ಹೋದೆ. ಸುದ್ದಿ ತಿಳಿದು ಊರೆಲ್ಲ ಬಂದಿತ್ತು. ದೀಪ ಹಚ್ಚಿದರು. ನಾನು ಅಮ್ಮನವರ ಮುಂದೆ ನಿಂತು ಬಾಯಿ ತೆರೆದೆ. ಹೆಸರು ತುಟಿಯವರೆಗೆ ಬಂತು. ಕಥೆಯಲ್ಲಿ ಅಮ್ಮನವರೂ ಬಾಯಿ ತೆರೆದು ನೀರಿನಲ್ಲಿ ನಿಂತಿದ್ದರು. ನಾವಿಬ್ಬರೂ ಎದುರುಬದುರಾಗಿ ಹಾಗೇ ನಿಂತೆವು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

"ಯಾಕೇ, ಮರೆತುಹೋಯ್ತಾ?" ಎಂದಳು ಪುಟ್ಟತಾಯಮ್ಮ. "ಫಿಲೋಮಿನಾಗೆ ಫೋನ್ ಮಾಡ್ಲೇನೇ?"

"ಮರೆತಿಲ್ಲ."

"ಮತ್ತೆ ಹೇಳೇ ತಾಯಿ! ಅಪ್ಪ ಬರ್ತಾರಲ್ಲೇ."

"ಅವ್ರು ಓದ್ತಿದಾರೆ ಪುಟ್ಟತಾಯಮ್ಮ. ಮಧ್ಯದಲ್ಲಿ ಎಬ್ಬಿಸೋದು ಬೇಡ."

ಇಮಾಮಣ್ಣ ತಲೆಯ ಟೋಪಿ ತೆಗೆದು, ಅದಕ್ಕಂಟಿದ್ದ ಹತ್ತಿಯನ್ನು ಬಿಡಿಸುತ್ತ ಕೆಳಗೆ ನೋಡುತ್ತಿದ್ದರು. "ಹಾಗಾದ್ರೆ ನಿನಗೆ ಗೊತ್ತಿರೋಷ್ಟು ಹೇಳಮ್ಮ," ಎಂದರು. "ಅಷ್ಟು ಕೇಳ್ತೀವಿ."

ಹೇಳಿದೆ. ಹೊಳೆಯಮ್ಮ ಕಡಲು ಮುಟ್ಟಿದ್ದು, ಉಪ್ಪು ನೀರಿಗಿಳಿದದ್ದು, ಬಾಯಿ ತೆರೆದದ್ದು. ಫೋನಿನಲ್ಲಿ ಸಿಕ್ಕ ಆ ಒಂದು ಸೊಲ್ಲನ್ನೂ ಹೇಳಿದೆ, ಕೊನೆಗೆ ಸ್ವರವನ್ನು ಇಳಿಸದೆ ಮೇಲೆಯೇ ಬಿಟ್ಟೆ. ಹೆಸರುಗಳು ಬರಬೇಕಾದ ಜಾಗದಲ್ಲಿ ಸುಮ್ಮನಾದೆ. ಮಂಟಪವೂ ಸುಮ್ಮನಾಯಿತು. ಆಮೇಲೆ ನೋಡಿದರೆ ಪುಟ್ಟತಾಯಮ್ಮನ ತುಟಿ ಅಲ್ಲಾಡುತ್ತಿತ್ತು. ಶೆಟ್ಟರದ್ದೂ. ಎಲ್ಲರೂ ಸದ್ದಿಲ್ಲದೆ ತಂತಮ್ಮವರನ್ನು ಕರೆಯುತ್ತಿದ್ದರು.

ಅಂದಿನಿಂದ ನಮ್ಮೂರಿನ ಕಥೆ ಅಲ್ಲಿಗೇ ನಿಲ್ಲುತ್ತದೆ. ಸಂಜೆಯ ಹೊತ್ತು ಅಷ್ಟನ್ನು ಹೇಳಿ, ಸುಮ್ಮನೆ ಕೂತು, ಮಂಗಳ ಹಾಡಿ ಏಳುತ್ತೇವೆ. ಬೇರೆಯವರ ದಿಂಬುಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ನಮ್ಮ ಪದ್ಧತಿಯನ್ನು ಫಿಲೋಮಿನಾ ಹೇಳಿದ್ದಳೇನೋ, ಒಂದೂ ಬರಿದಾಗಿ ಬರಲಿಲ್ಲ. ಒಣಗಿದ ಹಣ್ಣು, ಅಕ್ರೋಟು, ಒಂದರ ಮೇಲೆ ಮಗುವಿನ ಅಂಗಿಯ ಗುಂಡಿ. ಹಸಿರಂಚಿನದು ಬಂದಿಲ್ಲ.

ನನಗೆ ಈಗಲೂ ನಿದ್ದೆ ಬರುತ್ತದೆ, ಒರೆಸಿಟ್ಟ ನೆಲದಂಥದ್ದೇ. ಏಳುವ ಮೊದಲು ಹಾಸಿಗೆಯ ಕಾಲ ಬಳಿ ಕೈಚಾಚಿ ಮುಟ್ಟಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ದೀಪ ಹಚ್ಚುವಾಗ ಆ ಪುಟ್ಟ ಹೆಸರು ತಾನಾಗಿ ಬಂದು ತುಟಿಯೊಳಗೆ ನಿಲ್ಲುತ್ತದೆ. ಬತ್ತಿ ಹೊತ್ತಿಕೊಳ್ಳುವವರೆಗೂ ಅದನ್ನು ಅಲ್ಲೇ ಹಿಡಿದಿರುತ್ತೇನೆ. ಇಷ್ಟೆಲ್ಲ ಹೇಳಿದರೂ ಇಲ್ಲಿ ಕೂಡ ಅದನ್ನು ಹೇಳಿಲ್ಲ.